ಆಳಿಗೆ ಅಪ್ಪಣೆ, ಗೆಳೆಯನಿಗೆ ಮನದ ಮಾತು



ಕೊರಟಗೆರೆ ತಾಲ್ಲೂಕಿನ ಯಾವುದೋ ಒಂದು ಹಳ್ಳಿಯ ಶಾಲೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿ. ಆ ಶಾಲೆಗೆ ಹೊಸದಾಗಿ ಒಬ್ಬ ಮುಖ್ಯೋಪಾಧ್ಯಾಯಿನಿ ಬಂದಿದ್ದಾರೆ. ಭಾನುವಾರದ ಬಲಿಪೂಜೆ ತಪ್ಪಿಸದವರು, ಮಕ್ಕಳೆಂದರೆ ಜೀವ ಬಿಡುವವರು. ಬಂದ ಒಂದು ತಿಂಗಳಲ್ಲೇ ಅವರಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಐದನೇ ತರಗತಿಯ ಮಕ್ಕಳಲ್ಲಿ ಹಲವರಿಗೆ ಎರಡನೇ ತರಗತಿಯ ಪಾಠವನ್ನೇ ತಡವರಿಸದೆ ಓದಲು ಬರುವುದಿಲ್ಲ. ಅವರ ಕರುಳು ಚುರ್ ಎನ್ನುತ್ತದೆ. ಮಾರನೆಯ ದಿನವೇ ಸೂಚನಾ ಪುಸ್ತಕದಲ್ಲಿ ಬರೆಯುತ್ತಾರೆ: ಇನ್ನು ಮುಂದೆ ಎಲ್ಲ ಶಿಕ್ಷಕರೂ ಸಂಜೆ ಅರ್ಧ ಗಂಟೆ ಹೆಚ್ಚಿಗೆ ಉಳಿದು, ಹಿಂದುಳಿದ ಮಕ್ಕಳಿಗೆ ಓದು ಕಲಿಸತಕ್ಕದ್ದು.

ಎಲ್ಲರೂ ಸಹಿ ಹಾಕುತ್ತಾರೆ. ಮೊದಲ ವಾರ ಎಲ್ಲರೂ ಉಳಿಯುತ್ತಾರೆ. ಎರಡನೇ ವಾರ ಒಬ್ಬರಿಗೆ ಬಸ್ಸು ತಪ್ಪುತ್ತದೆ, ಇನ್ನೊಬ್ಬರ ಅತ್ತೆಗೆ ಹುಷಾರಿರುವುದಿಲ್ಲ. ಮೂರನೇ ವಾರ ಉಳಿಯುವವರು ಮುಖ್ಯೋಪಾಧ್ಯಾಯಿನಿ ಒಬ್ಬರೇ. ಬೆನ್ನ ಹಿಂದೆ ಮಾತು ಹುಟ್ಟುತ್ತದೆ: "ಮೇಲಿನವರ ಹತ್ರ ಹೆಸರು ತಗೊಳ್ಳೋಕೆ ಇದೆಲ್ಲಾ. ನಮ್ಗೂ ಮನೆ-ಮಠ ಇಲ್ವಾ?" ಭಾನುವಾರ ಪೂಜೆ ಮುಗಿದ ಮೇಲೆ ಆ ತಾಯಿ ಗುರುಗಳ ಮುಂದೆ ನಿಂತು ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ: "ಫಾದರ್, ಒಳ್ಳೇದು ಮಾಡೋಕೆ ಹೊರಟರೆ ಒಬ್ಬರೂ ಕೈಜೋಡಿಸೋದಿಲ್ಲ."

ಇದು ಕಲ್ಪನೆಯ ಶಾಲೆ. ಆದರೆ ಈ ಅಳಲು ಕಲ್ಪನೆಯದಲ್ಲ. ಮಧುಗಿರಿಯ ಕಚೇರಿಯಲ್ಲಿ ಮೇಜಿನ ಹಿಂದೆ ಕೂತವರು, ಶಿರಾದಲ್ಲಿ ಅಂಗಡಿ ಇಟ್ಟವರು, ಪಾವಗಡದ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ದಾದಿಯರು, ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಯ ಸದಸ್ಯರು, ಹೀಗೆ ಒಬ್ಬರಲ್ಲ ಒಬ್ಬರು ಇದೇ ಮಾತನ್ನು ಆಡಿರುತ್ತಾರೆ. ನೀವೂ ಆಡಿರಬಹುದು. ಆಗ ನಮಗೆ ನಾವು ಕೇಳಿಕೊಳ್ಳದೆ ಬಿಡುವ ಪ್ರಶ್ನೆಯೊಂದಿದೆ. ಆ ಶಿಕ್ಷಕರಿಗೆ ಏನು ಮಾಡಬೇಕೆಂದು ತಿಳಿಸಲಾಯಿತು, ಎಷ್ಟು ಹೊತ್ತು ಮಾಡಬೇಕೆಂದೂ ತಿಳಿಸಲಾಯಿತು. ಯಾಕೆ ಎಂದು ಯಾರಾದರೂ ಹೇಳಿದರೇ? ಓದು ಬಾರದ ಆ ಹುಡುಗನ ಮುಖ ನೋಡಿ ತಮಗೆ ರಾತ್ರಿ ನಿದ್ದೆ ಬರಲಿಲ್ಲ ಎಂಬುದನ್ನು ಆ ತಾಯಿ ಗುರುಗಳಿಗೆ ಹೇಳಿದರು. ಜೊತೆಯ ಶಿಕ್ಷಕರಿಗೆ ಹೇಳಲಿಲ್ಲ.

ಗೋಡೆ ಕಟ್ಟಿದವನ ಪಾಠ

ಇದೇ ಸ್ಥಿತಿಯಲ್ಲಿ ಸಿಕ್ಕಿಕೊಂಡ ಒಬ್ಬ ಮನುಷ್ಯನ ಕಥೆ ಪವಿತ್ರ ಗ್ರಂಥದಲ್ಲಿದೆ. ನಾವು ಅಷ್ಟಾಗಿ ಓದದ ಪುಸ್ತಕ ಅದು, ನೆಹೆಮೀಯನ ಗ್ರಂಥ. ಕ್ರಿಸ್ತಪೂರ್ವ 445ರ ಸುಮಾರಿನ ಮಾತು. ನೆಹೆಮೀಯನು ಪರ್ಷಿಯಾದ ಅರಸನ ಅರಮನೆಯಲ್ಲಿ ಪಾನಸೇವಕ. ದೊಡ್ಡ ಹುದ್ದೆ, ಸುಖದ ಬದುಕು. ಜೆರುಸಲೇಮಿನ ಗೋಡೆ ಕುಸಿದು ಬಿದ್ದಿದೆ, ಬಾಗಿಲುಗಳು ಸುಟ್ಟುಹೋಗಿವೆ ಎಂಬ ಸುದ್ದಿ ಅವನಿಗೆ ತಲುಪುತ್ತದೆ. ಅವನು ಕೂತು ಅಳುತ್ತಾನೆ, ಉಪವಾಸ ಮಾಡುತ್ತಾನೆ, ಪ್ರಾರ್ಥಿಸುತ್ತಾನೆ. ಸುಮಾರು ನಾಲ್ಕು ತಿಂಗಳ ನಂತರವೇ ಅರಸನ ಮುಂದೆ ಬಾಯಿ ಬಿಡುತ್ತಾನೆ.

ಜೆರುಸಲೇಮಿಗೆ ಬಂದ ಮೇಲಾದರೂ ಕೂಡಲೇ ಸಭೆ ಸೇರಿಸಿ ಭಾಷಣ ಮಾಡಿದನೇ? ಇಲ್ಲ. ಮೂರು ದಿನ ಸುಮ್ಮನಿದ್ದ. ಒಂದು ರಾತ್ರಿ ಕೆಲವೇ ಜನರನ್ನು ಕರೆದುಕೊಂಡು, ಯಾರಿಗೂ ಏನೂ ಹೇಳದೆ, ಬಿದ್ದ ಗೋಡೆಯ ಉದ್ದಕ್ಕೂ ಸುತ್ತಾಡಿ ಕಣ್ಣಾರೆ ನೋಡಿದ. ಆಮೇಲೆ ಜನರ ಮುಂದೆ ನಿಂತ. ಆಗ ಆಡಿದ ಮಾತು ಬಹಳ ಚಿಕ್ಕದು (ನೆಹೆ 2:17-18). ನಾವು ಎಂಥ ದುರವಸ್ಥೆಯಲ್ಲಿದ್ದೇವೆ ಎಂಬುದು ನಿಮ್ಮ ಕಣ್ಣ ಮುಂದಿದೆ ಎಂದ. ಬನ್ನಿ, ಕಟ್ಟೋಣ ಎಂದ. ದೇವರು ತನ್ನನ್ನು ಹೇಗೆ ನಡೆಸಿದರು, ಅರಸನು ಏನು ಹೇಳಿದ ಎಂಬುದನ್ನು ಮುಚ್ಚಿಡದೆ ತಿಳಿಸಿದ. ಜನರು ಕೆಲಸಕ್ಕೆ ಇಳಿದೇಬಿಟ್ಟರು.

ಇಲ್ಲಿ ಗಮನಿಸಬೇಕಾದದ್ದು ಒಂದು ಸಣ್ಣ ಪದ: "ನಾವು". ಅರಮನೆಯಿಂದ ಬಂದವನು, ಅರಸನ ಪತ್ರ ಕೈಯಲ್ಲಿ ಇದ್ದವನು, ‘ನಿಮ್ಮ ಗೋಡೆ ಬಿದ್ದಿದೆ, ನೀವು ಕಟ್ಟಿ’ ಎನ್ನಬಹುದಿತ್ತು. ಅವನು ಹಾಗೆನ್ನಲಿಲ್ಲ. ಮೂರನೇ ಅಧ್ಯಾಯವನ್ನು ಓದಿ ನೋಡಿ. ಅಕ್ಕಸಾಲಿಗರು, ಸುಗಂಧದ್ರವ್ಯ ಮಾಡುವವರು, ವ್ಯಾಪಾರಿಗಳು, ಯಾಜಕರು, ತನ್ನ ಹೆಣ್ಣುಮಕ್ಕಳನ್ನೂ ಕಟ್ಟಿಕೊಂಡು ಬಂದ ಒಬ್ಬ ಅಧಿಕಾರಿ, ಹೀಗೆ ಗಾರೆ ಕೆಲಸ ಗೊತ್ತಿಲ್ಲದವರೆಲ್ಲ ಕಲ್ಲು ಹೊತ್ತರು. ಎಷ್ಟೋ ಮಂದಿ ತಮ್ಮ ತಮ್ಮ ಮನೆಯ ಎದುರಿನ ಗೋಡೆಯನ್ನೇ ಕಟ್ಟಿದರು. ಐವತ್ತೆರಡು ದಿನಗಳಲ್ಲಿ ಗೋಡೆ ಮುಗಿಯಿತು (ನೆಹೆ 6:15).

ಮಧುಗಿರಿಯ ಏಕಶಿಲಾ ಬೆಟ್ಟವನ್ನು ನೀವು ಹತ್ತಿರಬಹುದು. ಮುಂದೆ ಹತ್ತುವವನಿಗೆ ಬೆಟ್ಟದ ತುದಿ ಕಾಣುತ್ತದೆ, ಕೋಟೆಯ ಗೋಡೆ ಕಾಣುತ್ತದೆ. ಅವನ ಬೆನ್ನಿಗೇ ಹತ್ತುವವನಿಗೆ ಕಾಣುವುದು ಮುಂದಿನವನ ಹಿಮ್ಮಡಿ ಮಾತ್ರ. ಮುಂದಿನವನು ಒಮ್ಮೆ ನಿಂತು, ಪಕ್ಕಕ್ಕೆ ಸರಿದು, ‘ಅಗೋ, ಅಲ್ಲಿಗೆ ಹೋಗ್ತಿದ್ದೀವಿ’ ಎಂದು ತೋರಿಸದಿದ್ದರೆ, ಹಿಂದಿನವನ ಪಾಲಿಗೆ ಅದು ಕಾಲುನೋವು ಅಷ್ಟೇ. ನಮ್ಮ ಮುಖ್ಯೋಪಾಧ್ಯಾಯಿನಿಗೆ ಬೆಟ್ಟದ ತುದಿ ಕಂಡಿತ್ತು. ಶಿಕ್ಷಕರಿಗೆ ಕಂಡದ್ದು ಅರ್ಧ ಗಂಟೆಯ ಬಸ್ಸು ಮಾತ್ರ.

ಪ್ರಭುವಿನ ದಾರಿ

ನಮ್ಮ ಪ್ರಭು ಯೇಸುಸ್ವಾಮಿ ಕೊನೆಯ ಭೋಜನದ ರಾತ್ರಿ ಶಿಷ್ಯರಿಗೆ ಆಡಿದ ಒಂದು ಮಾತು ಈ ವಿಷಯದ ತಿರುಳನ್ನು ಬಿಚ್ಚಿಡುತ್ತದೆ (ಯೊವಾ 15:15). ಇನ್ನು ನಿಮ್ಮನ್ನು ದಾಸರೆಂದು ಕರೆಯುವುದಿಲ್ಲ, ಗೆಳೆಯರೆಂದು ಕರೆಯುತ್ತೇನೆ ಎಂದರು. ದಾಸನಿಗೂ ಗೆಳೆಯನಿಗೂ ಅವರು ಹೇಳಿದ ವ್ಯತ್ಯಾಸ ಯಾವುದು? ಕೂಲಿಯಲ್ಲ, ಗೌರವದ ಕುರ್ಚಿಯೂ ಅಲ್ಲ. ತನ್ನ ಒಡೆಯ ಏನು ಮಾಡುತ್ತಿದ್ದಾನೆ ಎಂಬುದು ದಾಸನಿಗೆ ತಿಳಿದಿರುವುದಿಲ್ಲ. ಗೆಳೆಯನಿಗೆ ತಿಳಿದಿರುತ್ತದೆ, ಏಕೆಂದರೆ ಅವನಿಗೆ ಹೇಳಲಾಗಿದೆ. ಪಿತನಿಂದ ತಾವು ಕೇಳಿದ್ದನ್ನೆಲ್ಲ ಶಿಷ್ಯರಿಗೆ ತಿಳಿಸಿದ್ದಾಗಿ ಪ್ರಭು ಹೇಳುತ್ತಾರೆ.

ಹಾಗಾದರೆ ಉದ್ದೇಶವನ್ನು ಹೇಳುವುದು ಕೆಲಸ ಮಾಡಿಸಿಕೊಳ್ಳುವ ಒಂದು ಉಪಾಯ ಮಾತ್ರವಲ್ಲ. ಎದುರಿನವನನ್ನು ನಾನು ಯಾರೆಂದು ಭಾವಿಸಿದ್ದೇನೆ ಎಂಬುದು ಅದರಲ್ಲಿ ಬಯಲಾಗುತ್ತದೆ. ಆಳಿಗೆ ಅಪ್ಪಣೆ ಸಾಕು. ಗೆಳೆಯನಿಗಾದರೆ ಮನದ ಮಾತು ಹೇಳಬೇಕು.

ಜಗದ್ಗುರುಗಳಾಗಿದ್ದ ಸಂತ ಎರಡನೆಯ ಜಾನ್ ಪೌಲರು 1981ರ ಸೆಪ್ಟೆಂಬರ್ 14ರಂದು ಮನುಷ್ಯನ ದುಡಿಮೆಯನ್ನು ಕುರಿತೇ ಒಂದು ವಿಶ್ವಪತ್ರ ಬರೆದರು. ದುಡಿಯುವವನಿಗೆ ನ್ಯಾಯವಾದ ಕೂಲಿ ಸಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಷ್ಟೇ ಸಾಲದು, ತಾನು ದುಡಿಯುತ್ತಿರುವುದು ತನ್ನದೇ ಕೆಲಸದಲ್ಲಿ ಎಂಬ ಅರಿವು ಅವನಿಗೆ ಇರಬೇಕು ಎಂಬುದು ಆ ಪತ್ರದ ಒಂದು ಮುಖ್ಯ ಬೋಧನೆ. ಮೇಲಿನಿಂದ ತಿರುಗಿಸುವ ದೊಡ್ಡ ಯಂತ್ರದಲ್ಲಿ ತಾನೊಂದು ಹಲ್ಲು ಎಂದು ಅನಿಸುವಂತೆ ಮನುಷ್ಯನನ್ನು ಇಟ್ಟರೆ ಅವನ ಘನತೆಗೆ ಕುಂದು ಬರುತ್ತದೆ.

ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಂಥ ನೇಕಾರರ ಊರಿನ ಮಗ್ಗದ ಮನೆಯನ್ನು ನೆನೆಯಿರಿ. ಮಗ್ಗದ ಮೇಲೆ ಕೂತ ತಂದೆ ಸೀರೆ ನೇಯುತ್ತಾನೆ. ಮೂಲೆಯಲ್ಲಿ ಕೂತ ಅಜ್ಜಿ ಕಂಡಿಕೆ ಸುತ್ತುತ್ತಾಳೆ. ಅಜ್ಜಿಯ ಕೈಲಿರುವುದು ದಾರ ಮಾತ್ರ, ಆದರೆ ತಾನು ಸುತ್ತುತ್ತಿರುವುದು ಯಾವ ಸೀರೆಯ ಹೊಕ್ಕಿಗೆ, ಅದರ ಅಂಚು ಯಾವ ಬಣ್ಣದ್ದು ಎಂಬುದು ಅವಳಿಗೆ ಗೊತ್ತು. ಅದು ಅವಳ ಸೀರೆಯೂ ಹೌದು. ನಮ್ಮ ಕಚೇರಿಗಳಲ್ಲಿ ವರ್ಷಗಟ್ಟಲೆ ದಾರ ಸುತ್ತುತ್ತ, ಸೀರೆಯನ್ನು ಒಮ್ಮೆಯೂ ನೋಡದವರು ಎಷ್ಟು ಜನರಿಲ್ಲ!

‘ನಮ್ಮ ಜನಕ್ಕೆ ಇದೆಲ್ಲ ತಿಳಿಯೋದಿಲ್ಲ, ದುಡ್ಡು ಇಲ್ಲವೇ ಬೆತ್ತ, ಎರಡೇ ಭಾಷೆ’ ಎನ್ನುವವರಿದ್ದಾರೆ. ಅಂಥವರು ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮಕ್ಕೆ ಒಮ್ಮೆ ಹೋಗಿ ಬರಲಿ. ಅಲ್ಲಿ ಊರೊಳಗಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಅವುಗಳನ್ನು ಕಾಪಾಡಿಕೊಂಡು ಬಂದವರು ಊರಿನ ಜನರೇ. ಹಕ್ಕಿಯ ಗದ್ದಲ, ಹಿಕ್ಕೆಯ ವಾಸನೆ ಎಲ್ಲವನ್ನೂ ಸಹಿಸಿಕೊಂಡಿದ್ದಾರೆ. ಯಾಕೆ ಎಂಬುದು ಮನಸ್ಸಿಗೆ ನಾಟಿದ ಮೇಲೆ ಜನರು ಎಷ್ಟನ್ನು ಹೊರಬಲ್ಲರು ಎಂಬುದಕ್ಕೆ ಇದು ನಮ್ಮ ನೆರೆಯಲ್ಲೇ ಇರುವ ಸಾಕ್ಷಿ.

ಯಾರಿಗೆ ಹೇಳಿದಿರಿ?

ಈಗ ಇದೇ ಸೀಮೆಯ ಇನ್ನೊಂದು, ಬಹು ದೊಡ್ಡ ಕೆಲಸವನ್ನು ನೋಡೋಣ. ಉದ್ದೇಶವನ್ನು ಹೇಳಿ ಜನರ ಒಪ್ಪಿಗೆ ಪಡೆದ ಕೆಲಸ ಅದು. ಆದ್ದರಿಂದಲೇ ಅದರಲ್ಲಿ ನಮಗೊಂದು ಎಚ್ಚರಿಕೆಯೂ ಇದೆ.

ಪಾವಗಡದ ಬರವನ್ನು ನಿಮಗೆ ವಿವರಿಸಬೇಕಾಗಿಲ್ಲ. ಶೇಂಗಾ ಬಿತ್ತಿ ಆಕಾಶ ನೋಡಿದವರು, ಕೊನೆಗೆ ಬೆಂಗಳೂರಿನ ಬಸ್ಸು ಹತ್ತಿದವರು ನಮ್ಮ ನಡುವೆಯೇ ಇದ್ದಾರೆ. ಆ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆ ನೆಲದಲ್ಲಿ ಸೋಲಾರ್ ಪಾರ್ಕ್ ಎದ್ದಿತು. 2018ರ ಮಾರ್ಚ್‌ನಲ್ಲಿ ಮೊದಲ ಹಂತದ ಉದ್ಘಾಟನೆಯಾಯಿತು. 2019ರ ಕೊನೆಯ ಹೊತ್ತಿಗೆ ಅದರ ಸಾಮರ್ಥ್ಯ 2,050 ಮೆಗಾವಾಟ್ ಮುಟ್ಟಿತು.

ಅಷ್ಟು ಭೂಮಿ ಸಿಕ್ಕಿದ್ದು ಹೇಗೆ? ಭೂಸ್ವಾಧೀನ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ರೈತನ ಎದೆ ಝಲ್ ಎನ್ನುತ್ತದೆ. ಇಲ್ಲಿ ಭೂಮಿಯನ್ನು ಕೊಳ್ಳಲಿಲ್ಲ, ಕಿತ್ತುಕೊಳ್ಳಲೂ ಇಲ್ಲ. ಗುತ್ತಿಗೆಗೆ ಪಡೆದರು. ಪಹಣಿಯಲ್ಲಿ ರೈತನ ಹೆಸರು ಹಾಗೇ ಉಳಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಹೆಚ್ಚಳ ಎಂದು ಗೊತ್ತಾಯಿತು. ಸುಮಾರು 2,300 ರೈತರು ಭೂಮಿ ಕೊಟ್ಟರು. ಏನು ಕಟ್ಟುತ್ತೇವೆ, ನಿನಗೆ ಏನು ಸಿಗುತ್ತದೆ, ನಿನ್ನ ನೆಲ ನಿನ್ನದೇ ಆಗಿ ಹೇಗೆ ಉಳಿಯುತ್ತದೆ ಎಂಬುದನ್ನು ಮುಂದಿಟ್ಟಾಗ ರೈತ ಯೋಚಿಸಿ ಒಪ್ಪಿದ. ಮೆಚ್ಚಬೇಕಾದ ಸಂಗತಿಯೇ.

ಆದರೆ ಅದೇ ಐದು ಊರುಗಳಲ್ಲಿ ಇನ್ನೊಂದು ಬಗೆಯ ಜನರಿದ್ದರು. ಒಂದು ಗುಂಟೆ ನೆಲವೂ ಇಲ್ಲದೆ, ಇನ್ನೊಬ್ಬರ ಹೊಲದಲ್ಲಿ ಕಳೆ ಕಿತ್ತು, ಶೇಂಗಾ ಬಿಡಿಸಿ ಬದುಕಿದವರು. ಬೀಳು ಬಿದ್ದ ಹೊಲಗಳಲ್ಲಿ ಕುರಿ-ಮೇಕೆ ಮೇಯಿಸಿಕೊಂಡಿದ್ದವರು. ಹೊಲಕ್ಕೆ ಬೇಲಿ ಬಿದ್ದ ದಿನ ಅವರ ಕೂಲಿ ಹೋಯಿತು, ಮೇವು ದೂರವಾಯಿತು. ಕರಾರಿಗೆ ಅವರ ಸಹಿ ಬೇಕಿರಲಿಲ್ಲ, ಬಾಡಿಗೆ ಅವರ ಕೈಗೆ ಬರಲಿಲ್ಲ. ಹುಲ್ಲು ಕತ್ತರಿಸುವ, ಫಲಕ ತೊಳೆಯುವ, ಕಾವಲು ಕಾಯುವ ಕೆಲಸಗಳು ಕೆಲವರಿಗೆ ಸಿಕ್ಕವು. ಎಲ್ಲರಿಗೂ ಸಿಗಲಿಲ್ಲ. ಅಲ್ಲಿಗೆ ಹೋಗಿ ಬರೆದ ಪತ್ರಕರ್ತರೂ ಸಂಶೋಧಕರೂ ಈ ಕೊರಗನ್ನು ಮತ್ತೆ ಮತ್ತೆ ದಾಖಲಿಸಿದ್ದಾರೆ.

ನಾನು ಇಲ್ಲಿ ಆ ಯೋಜನೆಯ ನ್ಯಾಯಾಧೀಶನಾಗಿ ಕೂತಿಲ್ಲ. ಬಿಸಿಲಿನಿಂದ ವಿದ್ಯುತ್ ಮಾಡುವುದು ಒಳ್ಳೆಯ ಕೆಲಸ. ಬರದ ನಾಡಿನ ರೈತನಿಗೆ ಖಾತರಿ ಆದಾಯ ಬಂದದ್ದೂ ಒಳ್ಳೆಯದೇ. ಆದರೆ ಕ್ರೈಸ್ತರಾದ ನಾವು ನಮ್ಮ ಸಣ್ಣ ಸಣ್ಣ ಕೆಲಸಗಳ ಮುಂದೆಯೂ ಇಟ್ಟುಕೊಳ್ಳಬೇಕಾದ ಪ್ರಶ್ನೆ ಅದರೊಳಗಿದೆ. ನಮ್ಮ ಉದ್ದೇಶವನ್ನು ನಾವು ಹೇಳಿಕೊಳ್ಳುವುದು ಯಾರಿಗೆ? ಸಾಮಾನ್ಯವಾಗಿ, ಯಾರ ಸಹಿ ನಮಗೆ ಬೇಕೋ ಅವರಿಗೆ. ಯಾರ ಹೊಟ್ಟೆಯ ಮೇಲೆ ಅದರ ಪೆಟ್ಟು ಬೀಳುತ್ತದೋ ಅವರಿಗಲ್ಲ. ಶಾಲೆಯ ಕಥೆಗೇ ಹಿಂದಿರುಗಿ: ಸಂಜೆ ಅರ್ಧ ಗಂಟೆ ತಡವಾದರೆ ಕಸ ಗುಡಿಸಿ ಬೀಗ ಹಾಕುವ ಆಯಾ ಕೂಡ ಅರ್ಧ ಗಂಟೆ ತಡವಾಗಿ ಮನೆ ಸೇರುತ್ತಾಳೆ. ಅವಳಿಗೆ ಯಾರು ಹೇಳಿದರು? ಅವಳ ಬೆಂಬಲ ನಮಗೆ ಬೇಕಿಲ್ಲದಿರಬಹುದು. ಆದರೆ ಪ್ರಭುವಿನ ಲೆಕ್ಕದಲ್ಲಿ ಅವಳೂ ಗೆಳತಿಯೇ.

ನೆಹೆಮೀಯನಿಗೂ ಈ ಪೆಟ್ಟು ಬಿತ್ತು. ಗೋಡೆಯ ಕೆಲಸ ಭರದಿಂದ ಸಾಗಿದ್ದಾಗಲೇ ಬಡವರು, ಅವರ ಹೆಂಗಸರು, ಗೋಳಿಡುತ್ತ ಬಂದರು (ನೆಹೆ 5). ಹೊಟ್ಟೆಗಿಲ್ಲ, ಹೊಲ-ಮನೆ ಅಡವಾಗಿದೆ, ಮಕ್ಕಳನ್ನು ಜೀತಕ್ಕಿಡುವ ಗತಿ ಬಂದಿದೆ ಎಂದರು. ‘ಮೊದಲು ಗೋಡೆ ಮುಗಿಯಲಿ, ಆಮೇಲೆ ನೋಡೋಣ’ ಎಂದನೇ? ಇಲ್ಲ. ಸಾಲ ಕೊಟ್ಟವರಲ್ಲಿ ತಾನೂ ತನ್ನ ಕಡೆಯವರೂ ಇದ್ದೇವೆ ಎಂದು ಎಲ್ಲರೆದುರು ಒಪ್ಪಿಕೊಂಡ. ಬಡ್ಡಿಯನ್ನು ಬಿಡಿಸಿದ, ಹೊಲಗಳನ್ನು ಹಿಂದಕ್ಕೆ ಕೊಡಿಸಿದ. ತಾನು ರಾಜ್ಯಪಾಲನಾಗಿದ್ದ ಹನ್ನೆರಡು ವರ್ಷ ತನಗೆ ಸಲ್ಲಬೇಕಾದ ಊಟದ ಭತ್ಯವನ್ನೂ ಮುಟ್ಟಲಿಲ್ಲ. ‘ನಾವು’ ಎಂದು ಮೊದಲ ದಿನ ಆಡಿದ ಮಾತಿಗೆ ಅವನು ಕೊಟ್ಟ ಬೆಲೆ ಅದು.

ಪ್ರಶ್ನೆ ಕೇಳುವ ಹಕ್ಕು

ಇಲ್ಲಿಗೆ ನಾವು ಈ ಬರಹದ ಮುಖ್ಯ ಮಾತಿಗೆ ಬರುತ್ತೇವೆ. ಸವಿ ಮಾತಿನಿಂದ ಜನರನ್ನು ಒಲಿಸುವ ಕಲೆಯನ್ನು ಇಂದು ತರಗತಿ ಇಟ್ಟು ಕಲಿಸುತ್ತಾರೆ. ‘ನಾವೆಲ್ಲ ಒಂದೇ ಕುಟುಂಬ’ ಎಂದು ಹಬ್ಬದ ದಿನ ಭಾಷಣ ಮಾಡಿ, ಮರುದಿನ ಹೆರಿಗೆ ರಜೆ ಕೇಳಿದ ಹೆಣ್ಣುಮಗಳಿಗೆ ಮುಖ ತಿರುಗಿಸುವ ಯಜಮಾನರನ್ನು ನೀವು ಕಂಡಿರಬಹುದು. ಅವರೂ ಉದ್ದೇಶವನ್ನೇ ಹೇಳುತ್ತಾರೆ, ಕೆಲವೊಮ್ಮೆ ನಮಗಿಂತ ಚೆನ್ನಾಗಿಯೇ ಹೇಳುತ್ತಾರೆ. ಹಾಗಾದರೆ ಗಾಳಕ್ಕೆ ಸಿಕ್ಕಿಸಿದ ಎರೆಗೂ ಹಂಚಿಕೊಂಡ ರೊಟ್ಟಿಗೂ ಭೇದ ತಿಳಿಯುವುದು ಹೇಗೆ?

ನನಗೆ ತೋಚುವ ಒರೆಗಲ್ಲು ಇದು: ಉದ್ದೇಶವನ್ನು ಪ್ರಾಮಾಣಿಕವಾಗಿ ಹೇಳಿದವನು ಕೇಳುಗನಿಗೆ ತನ್ನನ್ನು ಪ್ರಶ್ನಿಸುವ ಹಕ್ಕನ್ನು ಕೊಟ್ಟಿರುತ್ತಾನೆ. ‘ಮಕ್ಕಳಿಗೋಸ್ಕರ’ ಎಂದು ನಾನು ಹೇಳಿದ ಮೇಲೆ, ‘ಹಾಗಾದರೆ ಮೇಡಂ, ನೀವು ಮೊನ್ನೆ ಯಾಕೆ ಬೇಗ ಹೊರಟಿರಿ?’ ಎಂದು ಶಿಕ್ಷಕರು ಕೇಳಬಹುದು. ‘ಸಂಜೆಯ ಬದಲು ಬೆಳಿಗ್ಗೆ ಮಾಡಿದರೆ ಆಗದೇ?’ ಎಂದೂ ಕೇಳಬಹುದು. ‘ಆಗೋದಿಲ್ಲ’ ಎಂದು ಬಿಡಲೂಬಹುದು. ಇದನ್ನು ಸಹಿಸಲಾರದವನು ಉದ್ದೇಶವನ್ನು ಹಂಚಿಕೊಂಡಿಲ್ಲ, ಅಪ್ಪಣೆಗೇ ಸಕ್ಕರೆ ಲೇಪಿಸಿದ್ದಾನೆ. ನಾವು ಬಾಯಿ ಬಿಟ್ಟು ಉದ್ದೇಶ ಹೇಳಲು ಅಂಜುವುದೂ ಇದಕ್ಕೇ. ಹೇಳಿದರೆ ಜನ ನಗುತ್ತಾರೆಂಬ ಭಯ ಒಂದು. ಹೇಳಿದ ಮಾತಿಗೆ ನಮ್ಮನ್ನೇ ಕಟ್ಟಿಹಾಕುತ್ತಾರೆಂಬ ಭಯ ಇನ್ನೂ ದೊಡ್ಡದು.

ಸಂತ ಮದರ್ ತೆರೇಸಾರ ಜೀವನದ ಒಂದು ಘಟ್ಟವನ್ನು ನೆನಪಿಸಿಕೊಳ್ಳಿ. 1946ರ ಸೆಪ್ಟೆಂಬರ್ 10ರಂದು, ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ, ಕಡುಬಡವರ ನಡುವೆ ಹೋಗಿ ಸೇವೆ ಮಾಡುವ ಕರೆ ಅವರಿಗೆ ಬಂತು. ಅವರು ಲೊರೆಟೊ ಮಠದ ಗೋಡೆ ದಾಟಿ ಹೊರಬಂದದ್ದು 1948ರ ಆಗಸ್ಟ್‌ನಲ್ಲಿ. ನಡುವಿನ ಸುಮಾರು ಎರಡು ವರ್ಷ ಏನಾಯಿತು? ತಮ್ಮ ಉದ್ದೇಶವನ್ನು ಕಲ್ಕತ್ತದ ಮಹಾಧರ್ಮಾಧ್ಯಕ್ಷರಿಗೆ ಪತ್ರದ ಮೇಲೆ ಪತ್ರ ಬರೆದು ತಿಳಿಸಿದರು. ಅವರು ಅವಸರ ಮಾಡಲಿಲ್ಲ. ಪ್ರಶ್ನೆಗಳನ್ನು ಕೇಳಿದರು, ಕಾಯಿಸಿದರು, ವಿಚಾರಿಸಿದರು. ಆ ತಾಯಿ ಕಾತರಿಸಿದರು, ಒತ್ತಾಯಿಸಿದರು, ಆದರೆ ಪ್ರಶ್ನೆಗಳಿಗೆ ಬೆನ್ನು ತೋರಿಸಲಿಲ್ಲ. ದೇವರೇ ಕರೆದಿದ್ದಾರೆ, ಇನ್ನು ಯಾರನ್ನು ಕೇಳುವುದೇನಿದೆ ಎಂದು ಹೊರಟುಬಿಡಲಿಲ್ಲ. ದೇವರ ಕರೆಯೇ ಪ್ರಶ್ನೆಗಳ ಮುಂದೆ ತಾಳ್ಮೆಯಿಂದ ನಿಂತಿತೆಂದ ಮೇಲೆ, ನಮ್ಮ ಶಾಲೆಯ, ಸಂಘದ, ಅಂಗಡಿಯ ಯೋಜನೆಗಳು ನಿಲ್ಲಬಾರದೇ?

ಸಂತ ಪೌಲರು ಫಿಲೆಮೋನನಿಗೆ ಬರೆದ ಪುಟ್ಟ ಪತ್ರವನ್ನೂ ಇದೇ ಬೆಳಕಿನಲ್ಲಿ ಓದಿ. ಒಂದೇ ಪುಟ. ಓಡಿಹೋಗಿದ್ದ ಗುಲಾಮ ಒನೇಸಿಮನನ್ನು ಸೋದರನಂತೆ ಸ್ವೀಕರಿಸು ಎಂದು ಕೇಳುವ ಪತ್ರ. ಆಜ್ಞಾಪಿಸುವ ಅಧಿಕಾರ ತಮಗಿದ್ದರೂ ಪ್ರೀತಿಯಿಂದ ಬೇಡಿಕೊಳ್ಳುವುದನ್ನೇ ಆರಿಸಿಕೊಂಡಿದ್ದೇನೆ, ನಿನ್ನ ಒಪ್ಪಿಗೆ ಇಲ್ಲದೆ ಏನನ್ನೂ ಮಾಡಲು ಮನಸ್ಸಿಲ್ಲ ಎನ್ನುತ್ತಾರೆ. ಅವನಿಂದ ನಿನಗೆ ನಷ್ಟವಾಗಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಬರೆದುಕೋ ಎಂದೂ ಸೇರಿಸುತ್ತಾರೆ. ಬೆಂಬಲ ಕೇಳುವವನು ಮೊದಲು ತನ್ನ ಜೇಬಿಗೆ ಕೈ ಹಾಕಿದ್ದಾನೆ.

ಕೈಜೋಡಿಸದವರು

ಇಷ್ಟೆಲ್ಲ ಮಾಡಿದರೂ ಎಲ್ಲರೂ ಬರುತ್ತಾರೆಂದು ನಾನು ನಿಮಗೆ ಭರವಸೆ ಕೊಡಲಾರೆ. ನೆಹೆಮೀಯನ ಕಾಲದಲ್ಲಿ ತೆಕೋವದ ಸಾಮಾನ್ಯ ಜನ ಕಲ್ಲು ಹೊತ್ತರು, ಅದೇ ಊರಿನ ಶ್ರೀಮಂತರು ಹೆಗಲು ಕೊಡಲಿಲ್ಲ. ಸಂಬಲ್ಲಟ, ತೋಬೀಯರಂಥವರು ಗೇಲಿ ಮಾಡಿದರು. ನರಿ ಹತ್ತಿದರೂ ಬೀಳುವ ಗೋಡೆ ಎಂದು ನಕ್ಕರು. ನಮ್ಮ ಪ್ರಭುವೇ ನಜರೇತಿನ ಪ್ರಾರ್ಥನಾಮಂದಿರದಲ್ಲಿ ತಮ್ಮ ಉದ್ದೇಶವನ್ನು ಸ್ಪಷ್ಟವಾಗಿ ಸಾರಿದಾಗ, ಸ್ವಂತ ಊರಿನವರೇ ಅವರನ್ನು ಬೆಟ್ಟದಂಚಿಗೆ ತಳ್ಳಿಕೊಂಡು ಹೋದರು (ಲೂಕ 4). ಜೀವದಾಯಕ ರೊಟ್ಟಿಯ ಬೋಧನೆ ಕೇಳಿ ಶಿಷ್ಯರಲ್ಲೇ ಅನೇಕರು ಬಿಟ್ಟುಹೋದರು. ಆಗ ಪ್ರಭು ಮಾತನ್ನು ತಿದ್ದಿ ಸಿಹಿ ಮಾಡಲಿಲ್ಲ. ಉಳಿದ ಹನ್ನೆರಡು ಮಂದಿಯ ಕಡೆ ತಿರುಗಿ, ನೀವೂ ಹೋಗಬೇಕೆಂದಿದ್ದೀರಾ ಎಂದು ಕೇಳಿದರು (ಯೊವಾ 6:67). ಬಾಗಿಲು ತೆರೆದಿಟ್ಟು ಕೇಳಿದ ಪ್ರಶ್ನೆ ಅದು. ಬಾಗಿಲು ತೆರೆದಿದ್ದರಿಂದಲೇ ಪೇತ್ರನು ಉಳಿದದ್ದಕ್ಕೆ ಬೆಲೆ ಬಂತು.

ಆದ್ದರಿಂದ ಬೆಂಬಲ ಸಿಕ್ಕಿತೇ ಇಲ್ಲವೇ ಎಂಬುದು ಮಾತ್ರ ನಮ್ಮ ಅಳತೆಗೋಲಾಗದಿರಲಿ. ಹೇಳಬೇಕಾದವರಿಗೆಲ್ಲ ಹೇಳಿದೆವೇ, ನಿಜವನ್ನೇ ಹೇಳಿದೆವೇ, ನಮ್ಮ ಪಾಲಿನ ಭಾರವನ್ನು ಹೊತ್ತೆವೇ? ಇಷ್ಟಕ್ಕೆ ನಾವು ಉತ್ತರ ಹೇಳಬೇಕಾಗುತ್ತದೆ.

ಬೇರೆ ಧರ್ಮದ ಜೊತೆಗಾರರು

ಈ ತಾಲ್ಲೂಕುಗಳ ಬಹುತೇಕ ಊರುಗಳಲ್ಲಿ ಕಥೋಲಿಕರ ಮನೆಗಳು ಬೆರಳೆಣಿಕೆಯಷ್ಟು. ನಮ್ಮ ಜೊತೆ ಕೆಲಸ ಮಾಡುವವರು ಹಿಂದೂಗಳು, ಮುಸಲ್ಮಾನರು. ‘ನನ್ನ ಉದ್ದೇಶ ನನ್ನ ವಿಶ್ವಾಸದಿಂದ ಹುಟ್ಟಿದ್ದು. ಅದನ್ನು ಹೇಳಿದರೆ ಮತ ಬೋಧನೆ ಅಂದುಕೊಳ್ಳುತ್ತಾರೆ’ ಎಂದು ನೀವು ಹಿಂಜರಿಯಬಹುದು. ಸಂತ ಪೇತ್ರರ ಸಲಹೆ ಇಲ್ಲಿ ದಾರಿ ತೋರಿಸುತ್ತದೆ (1 ಪೇತ್ರ 3:15). ನಿಮ್ಮ ಭರವಸೆಗೆ ಕಾರಣವೇನೆಂದು ಯಾರಾದರೂ ಕೇಳಿದರೆ ಉತ್ತರಿಸಲು ಸದಾ ಸಿದ್ಧರಾಗಿರಿ, ಆದರೆ ನಯದಿಂದ, ಗೌರವದಿಂದ ಉತ್ತರಿಸಿ ಎನ್ನುತ್ತಾರೆ. ಕೇಳಿದವರಿಗೆ, ಕೇಳಿದಷ್ಟನ್ನು, ಗೌರವದಿಂದ ಹೇಳಿದರೆ ಸಾಕು.

ಪಾವಗಡದ ನೀರಿನಲ್ಲಿ ಫ್ಲೋರೈಡ್ ಇರುವುದು ನಿಮಗೆ ಗೊತ್ತು. ಅದು ಹಲ್ಲನ್ನು ಕೆಡಿಸುತ್ತದೆ, ವರ್ಷಗಳು ಕಳೆದಂತೆ ಮೂಳೆಯನ್ನೂ ಬಾಗಿಸುತ್ತದೆ. ಹಳ್ಳಿಗೆ ಬರುವ ಆರೋಗ್ಯ ಸಹಾಯಕಿ ‘ಬೋರ್‌ವೆಲ್ ನೀರು ಕುಡೀಬೇಡಿ’ ಎಂದು ಹೇಳಿ ಹೋದರೆ ಯಾರು ಕೇಳುತ್ತಾರೆ? ಅವಳು ಜಗಲಿಯ ಮೇಲೆ ಕೂತು, "ಅಕ್ಕಾ, ನಮ್ಮಜ್ಜಿ ಬೆನ್ನು ಹೀಗೇ ಬಾಗಿತ್ತು. ನಿಮ್ಮ ಮಗೂಗೆ ಹಾಗಾಗ್ಬಾರ್ದು ಅಂತ ಹೇಳ್ತಿದ್ದೀನಿ. ಶುದ್ಧ ನೀರಿನ ಘಟಕ ದೂರ ಇದೆ, ನಂಗೊತ್ತು. ಹೆಂಗೆ ತರೋದು ಹೇಳಿ, ಇಬ್ರೂ ಯೋಚ್ನೆ ಮಾಡಾಣ" ಎಂದರೆ ಮಾತು ಬೇರೆಯೇ ಆಗುತ್ತದೆ. ಆ ಮಾತಿನಲ್ಲಿ ಶುಭಸಂದೇಶದ ಒಂದು ವಾಕ್ಯವೂ ಇಲ್ಲ. ಆದರೂ ಶುಭಸಂದೇಶದ ಜೀವ ಅದರಲ್ಲಿದೆ.

ಮೊದಲು ಮನೆಯಲ್ಲಿ

ಕೊನೆಗೆ ಒಂದು ಮಾತು ನಮ್ಮ ಮನೆಗಳ ಬಗ್ಗೆ. ಕೆಲಸದ ಜಾಗದಲ್ಲಿ ಉದ್ದೇಶ ಹೇಳಲು ಬಾರದವರು ಎಷ್ಟೋ ವೇಳೆ ಮನೆಯಲ್ಲೂ ಹೇಳದವರೇ. ಬೆಳಿಗ್ಗೆ ಕತ್ತಲಲ್ಲೇ ಗಾರ್ಮೆಂಟ್ಸ್ ವಾಹನ ಹತ್ತುವ ತಾಯಿ ರಾತ್ರಿ ಸುಸ್ತಾಗಿ ಬರುತ್ತಾಳೆ. ಮಕ್ಕಳಿಗೆ ಅಮ್ಮನ ಸಿಡುಕು ಗೊತ್ತು, ಅಮ್ಮ ಯಾಕಾಗಿ ದುಡಿಯುತ್ತಾಳೆ ಎಂಬುದು ಗೊತ್ತಿಲ್ಲ. ಗಂಡ ಸಹಕಾರ ಸಂಘದ ಕೆಲಸವೆಂದು ಸಂಜೆಯೆಲ್ಲ ಹೊರಗೇ ಇರುತ್ತಾನೆ. ಹೆಂಡತಿಗೆ ಕಾಣುವುದು ಅವನ ಖಾಲಿ ಊಟದ ತಟ್ಟೆ. ‘ಮನೆಯವರೇ ನನಗೆ ಬೆಂಬಲ ಕೊಡೋದಿಲ್ಲ’ ಎಂದು ಅವನೂ ದೂರುತ್ತಾನೆ. ಹೆಂಡತಿಯನ್ನು ಕೂರಿಸಿಕೊಂಡು, ‘ಇದಕ್ಕೋಸ್ಕರ ಹೋಗ್ತಿದ್ದೀನಿ, ನಿನಗೆ ಇದರಿಂದ ಕಷ್ಟ ಆಗ್ತಿದೆಯಾ?’ ಎಂದು ಒಂದು ಸಲವಾದರೂ ಕೇಳಿದ್ದಾನೆಯೇ? ಆ ಪಾವಗಡದ ಪ್ರಶ್ನೆ ಮನೆಯಲ್ಲೂ ಇದೆ: ಪೆಟ್ಟು ಬೀಳುವವರಿಗೆ ಹೇಳಿದ್ದೀರಾ?

ನಮ್ಮ ಮುಖ್ಯೋಪಾಧ್ಯಾಯಿನಿಯ ಕಥೆಗೆ ನಾವೇ ಒಂದು ಮುಂದಿನ ಪುಟ ಬರೆಯೋಣ. ಸೋಮವಾರ ಅವರು ಸೂಚನಾ ಪುಸ್ತಕವನ್ನು ಬದಿಗಿಡುತ್ತಾರೆ. ಶಿಕ್ಷಕರ ಕೊಠಡಿಯಲ್ಲಿ ಚಹಾ ತರಿಸುತ್ತಾರೆ. ಆಯಾಳನ್ನೂ ಕರೆಯುತ್ತಾರೆ. "ನಾನು ಮೊದಲೇ ಹೇಳಬೇಕಾಗಿತ್ತು, ಹೇಳಲಿಲ್ಲ, ನನ್ನದೇ ತಪ್ಪು" ಎಂದು ಆರಂಭಿಸುತ್ತಾರೆ. ಓದಲು ಬಾರದೆ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದ ಆ ಹುಡುಗನ ವಿಷಯ ಹೇಳುತ್ತಾರೆ. "ಸಂಜೆ ನಿಮಗೆ ಕಷ್ಟ ಅಂತ ಗೊತ್ತಾಯ್ತು. ಏನು ಮಾಡೋಣ ನೀವೇ ಹೇಳಿ" ಎಂದು ಸುಮ್ಮನಾಗುತ್ತಾರೆ. ಮೌನ. ಆಮೇಲೆ ಯಾರೋ ಒಬ್ಬರು, "ಮಧ್ಯಾಹ್ನ ಊಟ ಆದ್ಮೇಲೆ ಇಪ್ಪತ್ತು ನಿಮಿಷ ಸಿಗುತ್ತಲ್ಲ ಮೇಡಂ" ಎನ್ನುತ್ತಾರೆ. ಇನ್ನೊಬ್ಬರು ತಲೆಯಾಡಿಸುತ್ತಾರೆ. ಮತ್ತೊಬ್ಬರು ಕಿಟಕಿಯ ಹೊರಗೆ ನೋಡುತ್ತ ಕೂತಿರುತ್ತಾರೆ. ಅವರು ಬರಲಿಕ್ಕಿಲ್ಲ. ಆದರೂ ಅಂದು ಆ ಕೊಠಡಿಯಲ್ಲಿ ಆಳುಗಳು ಯಾರೂ ಇಲ್ಲ.

ಈ ವಾರ ಮನೆಯಲ್ಲಿ ಜಪಸರ ಮುಗಿದ ಮೇಲೆ ಐದು ನಿಮಿಷ ಕೂತು, ಈ ಮೂರು ಪ್ರಶ್ನೆಗಳನ್ನು ಒಬ್ಬರಿಗೊಬ್ಬರು ಕೇಳಿಕೊಳ್ಳಿ. ನಾನು ಮಾಡುತ್ತಿರುವ ಕೆಲಸ ಯಾಕಾಗಿ ಎಂಬುದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತೇ? ನನ್ನ ಒಳ್ಳೆಯ ಉದ್ದೇಶದ ಭಾರವನ್ನು, ನಾನು ಹೇಳದೆ ಕೇಳದೆ, ಯಾರ ಹೆಗಲ ಮೇಲೆ ಹೊರಿಸಿದ್ದೇನೆ? ನಾಳೆ ಕೆಲಸಕ್ಕೆ ಹೋದಾಗ ನಾನು ಮೊದಲು ಮಾತನಾಡಿಸಬೇಕಾದವರು ಯಾರು?

ಪ್ರಭುವೇ, ನೀವು ನಮ್ಮನ್ನು ದಾಸರೆನ್ನದೆ ಗೆಳೆಯರೆಂದಿರಿ. ನಮ್ಮೊಡನೆ ದುಡಿಯುವವರನ್ನು ಹಾಗೆಯೇ ಕಾಣುವ ಮನಸ್ಸನ್ನೂ, ಮನದ ಮಾತನ್ನು ಹೇಳುವ ಧೈರ್ಯವನ್ನೂ, ಹೇಳಿದ ಮಾತಿಗೆ ನಿಲ್ಲುವ ಬಲವನ್ನೂ ನಮಗೆ ದಯಪಾಲಿಸಿರಿ. ಆಮೆನ್.